ಕ್ರಿಸ್‌ಮಸ್ ಉಡುಗೊರೆಗೆ ರವಿಕೆ ಕಣದ ಬುತ್ತಿಗಂಟು

ಮಕ್ಕಳ ಶಿಕ್ಷಕರಿಗೂ ಅಕ್ಕಪಕ್ಕದವರಿಗೂ ಕ್ರಿಸ್‌ಮಸ್‌ಗೆ ಮನೆಯಲ್ಲೇ ಮಾಡಿದ ತಿಂಡಿ ಕೊಡಬೇಕೆಂದಿದ್ದೇನೆ, ಹೆಚ್ಚು ಖರ್ಚಿಲ್ಲದೆ ಅಂದವಾಗಿ ಕಟ್ಟಿಕೊಡುವುದು ಹೇಗೆ ಎಂದು ಡಬ್ಲಿನ್‌ನ ಅಕ್ಕ ಈ ಗುಂಪಿನಲ್ಲಿ ಕೇಳಿದ್ದರು. ಬಂದ ಉತ್ತರಗಳಲ್ಲಿ ಮುಕ್ಕಾಲು ಪಾಲು ‘ಅಗ್ಗದ ಅಂಗಡಿಯಲ್ಲಿ ಹೊಳೆಯುವ ಚೀಲ ಸಿಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ’ ಎನ್ನುವಂಥವು. ಸಿಗುತ್ತದೆ, ಯಾರು ಇಲ್ಲವೆಂದರು? ವಾರಗಟ್ಟಲೆ ಸಂಜೆ ಕೂತು ಚಕ್ಕುಲಿ ಒತ್ತಿದವರಿಗೆ ಅದನ್ನು ಎಲ್ಲರ ಕೈಯಲ್ಲೂ ಇರುವ ಚೀಲಕ್ಕೆ ಸುರಿದು ಕೊಡಲು ಮನಸ್ಸಾಗುವುದಿಲ್ಲ, ಅಷ್ಟೇ.

ನಾನು ದೀಪಾವಳಿಗೆಂದು ದಾವಣಗೆರೆಯ ತವರುಮನೆಗೆ ಬಂದಿದ್ದೇನೆ. ಅಮ್ಮನ ಬೀರು, ಅಟ್ಟ, ಬೀದಿಯ ತುದಿಯ ದರ್ಜಿ ಅಂಗಡಿ ಎಲ್ಲವೂ ಕೈಗೆಟುಕುವಂತೆ ಇರುವಾಗಲೇ ಬರೆದುಬಿಡುತ್ತೇನೆ. ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಿತ್ತು. ಅದಕ್ಕೇ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ನನ್ನಂಥವಳಿಗೆ ‘ಒಂದು ಮ್ಯಾಂಚೆಸ್ಟರ್ ಬಿಟ್ಟು ಇನ್ನೊಂದಕ್ಕೆ ಹೋದಳು’ ಎನ್ನುವ ತಮಾಷೆ ತಪ್ಪಿದ್ದಲ್ಲ. ಎರಡೂ ಊರುಗಳಲ್ಲಿ ಹತ್ತಿ ಗಿರಣಿಗಳ ವೈಭವ ಮುಗಿದಿದೆ. ಬಟ್ಟೆಯ ವ್ಯಾಪಾರ ಮಾತ್ರ ನಮ್ಮ ಚೌಕಿಪೇಟೆಯಲ್ಲಿ ಇಂದಿಗೂ ಜೋರು. ಹಾಗಾಗಿ ನನ್ನ ಉತ್ತರ ಬಟ್ಟೆಯಿಂದಲೇ ಶುರು.

ಅರಿಶಿನ ಕುಂಕುಮಕ್ಕೆ ಕರೆದವರು, ಗೃಹಪ್ರವೇಶದವರು, ಸೀಮಂತದವರು ಕೊಟ್ಟ ರವಿಕೆ ಕಣಗಳ ಗಂಟು ನಮ್ಮೂರಿನ ಯಾವ ಮನೆಯಲ್ಲಿಲ್ಲ? ಅವುಗಳಲ್ಲಿ ಹೊಲಿಸಿಕೊಳ್ಳುವಂಥವು ಬೆರಳೆಣಿಕೆಯಷ್ಟು. ಉಳಿದವು ಮನೆಯಿಂದ ಮನೆಗೆ ತಿರುಗುತ್ತಿರುತ್ತವೆ. ಕೆಲವಂತೂ ಬಡಾವಣೆಯನ್ನೆಲ್ಲ ಸುತ್ತಿ, ಮೊದಲು ಕೊಟ್ಟವರ ಮಡಿಲಿಗೇ ಮರಳಿ ಬೀಳುತ್ತವೆ. ಅಮ್ಮನಿಗೆ ಅವನ್ನು ಕೇಳಿದರೆ ‘ಎಲ್ಲ ತಗೊಂಡು ಹೋಗು, ಬೀರು ಹಗುರವಾಗಲಿ’ ಎಂದರು. 80 ಸೆಂಟಿಮೀಟರಿನಿಂದ 1 ಮೀಟರ್‌ವರೆಗೆ ಉದ್ದ, ಪನ್ನವೂ (ಬಟ್ಟೆಯ ಅಗಲವೂ) ಸುಮಾರು ಅಷ್ಟೇ. ಹೆಚ್ಚು ಕಡಿಮೆ ಚೌಕ. ಉಡುಗೊರೆ ಕಟ್ಟಲು ಇದಕ್ಕಿಂತ ಹೇಳಿ ಮಾಡಿಸಿದ ಬಟ್ಟೆ ಇಲ್ಲ.

ಒಂದು ಮೂಲೆ ನಿಮ್ಮ ಹೊಟ್ಟೆಯ ಕಡೆ ಬರುವಂತೆ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ. ಆ ಮೂಲೆಯಿಂದ ಎದುರು ಮೂಲೆಯವರೆಗಿನ ಉದ್ದವನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿದರೆ, ನಡುವಿನ ಪಾಲಿನೊಳಗೆ ಡಬ್ಬಿ ಕೂರಬೇಕು. ದೊಡ್ಡದಾದರೆ ಗಂಟಿಗೆ ತುದಿ ಸಾಲದು. ನಿಮ್ಮ ಕಡೆಯ ಮೂಲೆಯನ್ನು ಡಬ್ಬಿಯ ಮೇಲೆ ಹೊದಿಸಿ, ಎದುರಿನದನ್ನು ಅದರ ಮೇಲೆ ತಂದು ಅಂಚನ್ನು ಒಳಕ್ಕೆ ಮಡಚಿ. ಉಳಿದ ಎರಡು ಕಿವಿಗಳನ್ನು ಎತ್ತಿ ನಡುವೆ ಗಂಟು ಹಾಕಿ. ಮೊದಲ ಸುತ್ತಿಗೆ ಬಲದ ತುದಿ ಎಡದ ಮೇಲೆ, ಎರಡನೆಯದಕ್ಕೆ ಎಡದ ತುದಿ ಬಲದ ಮೇಲೆ. ಎರಡೂ ಸಲ ಒಂದೇ ಕಡೆಯಿಂದ ಹಾಕಿದರೆ ಗಂಟು ಓರೆಯಾಗಿ ನಿಲ್ಲುತ್ತದೆ, ಶಾಲೆ ಮುಟ್ಟುವಷ್ಟರಲ್ಲಿ ಸಡಿಲವಾಗುತ್ತದೆ. ಹತ್ತಿಯ ಕಣ ಗಂಟನ್ನು ಹಿಡಿದುಕೊಳ್ಳುತ್ತದೆ, ಪಾಲಿಯೆಸ್ಟರ್ ಸ್ಯಾಟಿನ್ ಜಾರುತ್ತದೆ. ವರ್ಷಗಟ್ಟಲೆ ಮಡಿಕೆಯಲ್ಲೇ ಇದ್ದ ಬಟ್ಟೆಗೆ ಇಸ್ತ್ರಿ ಮಾಡುವುದನ್ನು ಮಾತ್ರ ಮರೆಯಬೇಡಿ. ಆ ಮಡಿಕೆಯ ಗೆರೆ ಕಂಡರೆ ಎಷ್ಟು ಚೆನ್ನಾಗಿ ಕಟ್ಟಿದರೂ ಹಳೆಯದನ್ನು ದಾಟಿಸಿದ ಹಾಗೆ ಕಾಣುತ್ತದೆ.

ಡಿಸೆಂಬರ್ ಬಂತೆಂದರೆ ಇಂಗ್ಲೆಂಡಿನ ಪತ್ರಿಕೆಗಳು ಇದನ್ನೇ ಜಪಾನಿನ ಫುರೋಶಿಕಿ ಎಂದು ಚಿತ್ರ ಸಮೇತ ಕಲಿಸುತ್ತವೆ. ಕಲಿಸಲಿ. ಹೊಲಕ್ಕೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋದವರ ಮನೆಯಲ್ಲಿ ಹುಟ್ಟಿದವರಿಗೆ ಕೈ ತಾನಾಗಿಯೇ ಓಡುತ್ತದೆ.

‘ಬಟ್ಟೆಯನ್ನು ವಾಪಸ್ ಕೇಳಬೇಕೇ’ ಎಂದು ಲೆಸ್ಟರ್‌ನ ತಂಗಿಯೊಬ್ಬಳು ಕೇಳಿದ್ದಾಳೆ. ಖಂಡಿತ ಬೇಡ. ‘ಬಟ್ಟೆಯೂ ನಿಮಗೇ’ ಎಂದು ಚೀಟಿಯಲ್ಲಿ ಬರೆದುಬಿಡಿ, ಇಲ್ಲವಾದರೆ ಪಾಪ, ಅವರಿಗೆ ಒಗೆದು ಹಿಂದಿರುಗಿಸಬೇಕೇನೋ ಎಂಬ ಚಿಂತೆ. ನಮ್ಮ ಪಕ್ಕದ ಮನೆಯ ಅಜ್ಜಿ ನಾವು ಕೊಟ್ಟ ಗಿಳಿಹಸಿರು ಕಣವನ್ನು ಬ್ರೆಡ್ ಬುಟ್ಟಿಗೆ ಹೊದಿಸಿಕೊಂಡಿದ್ದಾರೆ. ಅಮ್ಮನಿಗೆ ಫೋಟೋ ತೋರಿಸಿದರೆ, ಅದನ್ನು ಕೊಟ್ಟವರು ಯಾರು, ಯಾವ ಮದುವೆಯಲ್ಲಿ ಎಂದು ಅರ್ಧ ಗಂಟೆ ನೆನಪಿಸಿಕೊಂಡರು.

ಬಟ್ಟೆ ಇಲ್ಲದವರಿಗೆ ಪೊಟ್ಟಣ. ಮಂಡಿಪೇಟೆಯ ಕಿರಾಣಿ ಅಂಗಡಿಯೊಂದರಲ್ಲಿ ಮೊನ್ನೆ ಮಗನನ್ನು ನಿಲ್ಲಿಸಿಕೊಂಡು ನೋಡಿದೆ. ಈಗ ಎಲ್ಲ ಕಡೆ ಪ್ಲಾಸ್ಟಿಕ್ ಚೀಲ ಬಂದಿದ್ದರೂ ಆ ಹಿರಿಯರು ಮಾತ್ರ ಕಾಗದವನ್ನು ಎಡಗೈಯ ಸುತ್ತ ಒಂದೇ ಬಾರಿಗೆ ಸುತ್ತುತ್ತಾರೆ, ಶಂಕು ತಯಾರು. ಚೂಪು ತುದಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ಮಡಚಿ, ತಕ್ಕಡಿಯ ತಟ್ಟೆಯಿಂದ ಜೀರಿಗೆ ಸುರಿದು, ಬಾಯಿಯನ್ನು ಎಡದಿಂದ, ಬಲದಿಂದ, ಹಿಂದಿನಿಂದ ಮುಚ್ಚುತ್ತಾರೆ. ತಲೆಯ ಮೇಲೆ ತೂಗುಹಾಕಿದ ಉಂಡೆಯಿಂದ ದಾರ ಎಳೆದು ಅಡ್ಡ ಎರಡು ಸುತ್ತು, ಉದ್ದ ಎರಡು ಸುತ್ತು, ಬೆರಳಿಗೆ ಸುತ್ತಿಕೊಂಡು ಒಂದು ಎಳೆತ. ದಾರ ತುಂಡಾಯಿತು. ಕತ್ತರಿ ಇಲ್ಲ, ಅಂಟು ಇಲ್ಲ. ಮಗ ಬಾಯಿ ಬಿಟ್ಟುಕೊಂಡು ನೋಡಿ, ಮನೆಗೆ ಬಂದವನೇ ತಾತನ ಹಳೆಯ ಪತ್ರಿಕೆಗಳನ್ನೆಲ್ಲ ಶಂಕು ಮಾಡಿ ಹಾಕಿದ. ಉಡುಗೊರೆಗೆ ಇದನ್ನೇ ಕಂದು ಬಣ್ಣದ ಪ್ಯಾಕಿಂಗ್ ಕಾಗದದಲ್ಲಿ ಮಾಡಿ, ಸೆಣಬಿನ ಹುರಿಯಿಂದ ಕಟ್ಟಿದರೆ ಸಾಕು. ಆನ್‌ಲೈನ್‌ನಲ್ಲಿ ತರಿಸಿದ ವಸ್ತುಗಳ ಪೆಟ್ಟಿಗೆಯೊಳಗೆ ಮುದ್ದೆ ಮಾಡಿ ತುರುಕಿರುವ ಕಾಗದವನ್ನೇ ಇಸ್ತ್ರಿ ಮಾಡಿ ಬಳಸುತ್ತೇನೆ, ದುಡ್ಡು ಕೊಟ್ಟು ಕೊಂಡದ್ದಿಲ್ಲ.

ಒಂದು ಎಚ್ಚರ. ಮಂಡಕ್ಕಿ ಮಿರ್ಚಿಯನ್ನು ಪತ್ರಿಕೆಯ ತುಂಡಿನ ಮೇಲೆ ತಿಂದು ಬೆಳೆದವರು ನಾವು, ನಿಜ. ಆದರೆ ಅಚ್ಚಿನ ಮಸಿ ಎಣ್ಣೆ ತಿಂಡಿಗೆ ಇಳಿಯುತ್ತದೆ ಎಂಬ ಕಾರಣಕ್ಕೆ ಭಾರತದಲ್ಲೇ 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳು ಪತ್ರಿಕೆಯಲ್ಲಿ ತಿಂಡಿ ಕಟ್ಟುವುದನ್ನು ನಿಷೇಧಿಸಿವೆ. ಕನ್ನಡ ಪತ್ರಿಕೆಯ ಹಾಳೆ ಹೊರಹೊದಿಕೆಯಾಗಿ ಬಹಳ ಚೆಂದ, ಅಕ್ಷರ ಓದಲು ಬಾರದವರಿಗೆ ಇನ್ನೂ ಚೆಂದ. ಒಳಗೆ ಮಾತ್ರ ಬಟರ್ ಪೇಪರ್ ಇರಲಿ. ಹೊರಗೆ ಹಾಕುವ ಮುನ್ನ ಆ ಪುಟದಲ್ಲಿ ಏನಿದೆ ಎಂದು ಓದಿ. ಶ್ರದ್ಧಾಂಜಲಿ ಪುಟದಲ್ಲಿ ಸುತ್ತಿದ ಉಡುಗೊರೆ ಇನ್ನೊಂದು ಕನ್ನಡದ ಮನೆಗೆ ಹೋದರೆ ಚೆನ್ನಾಗಿರುವುದಿಲ್ಲ.

ಅಂದ ಆಮೇಲೆ, ಗರಿಗರಿ ಮೊದಲು. ಚಕ್ಕುಲಿ, ಕೋಡುಬಳೆ, ನರ್ಗಿಸ್ ಮಂಡಕ್ಕಿ ಯಾವುದೇ ಇರಲಿ, ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೋ ಜಾಮ್ ಬಾಟಲಿಗೋ ತುಂಬಿ, ಆ ಮೇಲೆ ಅಲಂಕಾರ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ, ಎರಡು ದಿನಕ್ಕೆ ಮೆತ್ತಗಾಗುತ್ತದೆ. ಬಾಟಲಿಯ ಹಳೆಯ ಲೇಬಲ್ ಬಿಸಿ ಸಾಬೂನು ನೀರಿಗೆ ಬಿಡುತ್ತದೆ. ಉಳಿದ ಅಂಟಿಗೆ ಅಡುಗೆ ಎಣ್ಣೆ ಮತ್ತು ಅಡುಗೆ ಸೋಡಾ ಕಲಸಿ ತಿಕ್ಕಿ. ಮುಚ್ಚಳದ ಮೇಲೆ ದರ್ಜಿಯ ಅಂಗಡಿಯ ಚೂರು ಬಟ್ಟೆಯನ್ನು ದುಂಡಗೆ ಕತ್ತರಿಸಿ ರಬ್ಬರ್ ಬ್ಯಾಂಡ್ ಹಾಕಿ, ರಬ್ಬರ್ ಕಾಣದಂತೆ ಹುರಿ ಸುತ್ತಿದರೆ ಮುಗಿಯಿತು.

ಇಲ್ಲಿಂದ ಮುಂದಿನದು ಮಕ್ಕಳ ಕೆಲಸ. ಇದಕ್ಕೇ ನಾನು ಕೊಳ್ಳುವ ಚೀಲವನ್ನು ಒಪ್ಪದಿರುವುದು. ಬೆಂಡೆಕಾಯಿಯನ್ನು ಅಡ್ಡಲಾಗಿ ಕತ್ತರಿಸಿದರೆ ಐದು ಮೂಲೆಯ ನಕ್ಷತ್ರದ ಅಚ್ಚು ಸಿದ್ಧ. ಬೆತ್ಲೆಹೆಮ್‌ನ ನಕ್ಷತ್ರಕ್ಕೆ ನಮ್ಮ ಸಂತೆಯ ಬೆಂಡೆಕಾಯಿ ಇಷ್ಟು ಸರಿಹೊಂದುತ್ತದೆಂದು ಮೊದಲ ಸಲ ನೋಡಿದವರು ನಂಬುವುದಿಲ್ಲ. ಎಳೆಯದು ಬೇಡ, ಪಲ್ಯಕ್ಕೆ ಆಗದಷ್ಟು ಬಲಿತದ್ದೇ ಬೇಕು, ಅದರ ಗೋಡೆ ಗಟ್ಟಿ. ಕತ್ತರಿಸಿದ ಮುಖವನ್ನು ಕಾಗದದ ಮೇಲೆ ಒತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಲೋಳೆ ಇಳಿಯುತ್ತದೆ. ಬಣ್ಣವನ್ನು ತಟ್ಟೆಗೆ ಸುರಿದು ಅದ್ದಿಸಬೇಡಿ. ಪಾತ್ರೆ ತೊಳೆಯುವ ಹಳೆಯ ಸ್ಪಂಜಿಗೆ ಗಟ್ಟಿ ಪೋಸ್ಟರ್ ಬಣ್ಣ ಹಚ್ಚಿ, ಅದರ ಮೇಲೆ ಅಚ್ಚನ್ನು ಒತ್ತಿ ತೆಗೆದು ಕಾಗದಕ್ಕೆ ಇಡಿ. ಕಂದು ಕಾಗದದ ಮೇಲೆ ಬಿಳಿ ನಕ್ಷತ್ರ ಎದ್ದು ಕಾಣುತ್ತದೆ. ಹಾಗಲಕಾಯಿಯ ಅಚ್ಚು ಅಂಚು ಸುರುಳಿಯಾದ ಹೂವಿನಂತೆ ಬರುತ್ತದೆ. ಆಲೂಗಡ್ಡೆಯಲ್ಲಿ ಬೇಕಾದ ಆಕಾರ ಕೆತ್ತಬಹುದು, ಚಾಕು ಮಾತ್ರ ದೊಡ್ಡವರ ಕೈಯಲ್ಲಿರಲಿ.

‘ಇದರಿಂದ ಮಕ್ಕಳಿಗೆ ನಮ್ಮ ಸಂಸ್ಕೃತಿ ತಿಳಿಯುತ್ತದೆ, ರಂಗೋಲಿಯನ್ನೇ ಬರೆಸಿ’ ಎಂದು ಡಲ್ಲಾಸ್‌ನ ಅಣ್ಣ ಬರೆದಿದ್ದಾರೆ. ಅಣ್ಣನವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಕಳೆದ ವರ್ಷ ಮಗಳು ಹಿಮಸಾರಂಗವೇ ಬೇಕೆಂದಳು, ಅವಳ ಗೆಳತಿಗೆ ಅದು ಇಷ್ಟವಂತೆ. ಬರೆದಳು. ಕೊಂಬು ಮಾತ್ರ ದಾವಣಗೆರೆಯ ಎತ್ತಿನದಾಯಿತು, ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಉಡುಗೊರೆ ಪಡೆಯುವವರಿಗೆ ಏನು ಇಷ್ಟ ಎಂದು ಮಗು ಯೋಚಿಸಿದರೆ ಅದೇ ದೊಡ್ಡದು. ಪ್ರತಿ ಪೊಟ್ಟಣವೂ ಕರ್ನಾಟಕದ ರಾಯಭಾರಿಯಾಗಬೇಕಿಲ್ಲ. ‘ತರಗತಿಯಲ್ಲಿ ನಮ್ಮದೊಂದೇ ಬೇರೆ ಥರ ಕಾಣುತ್ತದೆ’ ಎಂದು ಮಗು ಅಂಜಿದರೆ ಬಲವಂತ ಮಾಡಬೇಡಿ. ಶಿಕ್ಷಕರಿಗೆ ಬಟ್ಟೆಗಂಟು, ಗೆಳೆಯರಿಗೆ ಮಗು ಹೇಳಿದ ಹಾಗೆ ಎಂದು ನಾವು ರಾಜಿ ಮಾಡಿಕೊಂಡಿದ್ದೇವೆ.

ಹೆಸರಿನ ಚೀಟಿಗೆ ಮದುವೆ ಕರೆಯೋಲೆಗಳು. ನಮ್ಮ ಕಡೆಯ ಮದುವೆ ಪತ್ರಿಕೆಯ ಹಾಳೆ ಎಷ್ಟು ದಪ್ಪ, ಎಷ್ಟು ಬಂಗಾರದ ಬಳ್ಳಿ ಎಂದು ನಿಮಗೇ ಗೊತ್ತು. ಬಳ್ಳಿ, ನವಿಲು, ಅಂಚು ಇರುವ ಕಡೆ ಕತ್ತರಿಸಿ, ಮೂಲೆಗೊಂದು ತೂತು ಹೊಡೆದು ದಾರ ಪೋಣಿಸಿ. ಗಣಪತಿಯ, ಮನೆದೇವರ ಚಿತ್ರ ಇರುವ ಭಾಗ ಬೇಡ, ಹೊದಿಕೆ ಎಷ್ಟಾದರೂ ಕೊನೆಗೆ ಕಸದ ಬುಟ್ಟಿಗೆ ಹೋಗುವಂಥದ್ದು. ಹಾಗೆಯೇ ಹೆಸರು, ಮೊಬೈಲ್ ಸಂಖ್ಯೆ ಅಚ್ಚಾದ ಕಡೆಯೂ ಬೇಡ. ಚೀಟಿಯ ಹಿಂದೆ ತಿಂಡಿಯಲ್ಲಿ ಏನೇನಿದೆ ಎಂದು ಬರೆಯುವುದು ಕಡ್ಡಾಯ. ಬ್ರಿಟನ್ನಿನಲ್ಲಿ ಅಲರ್ಜಿಯ ಕಾರಣಕ್ಕೆ ಕಡ್ಡಾಯವಾಗಿ ಹೇಳಬೇಕಾದ 14 ಪದಾರ್ಥಗಳ ಪಟ್ಟಿಯಲ್ಲಿ ಶೇಂಗಾ, ಗೋಡಂಬಿಯಂಥ ಬೀಜಗಳು, ಎಳ್ಳು, ಹಾಲು, ಗೋಧಿ ಎಲ್ಲ ಇವೆ. ಅಮೆರಿಕದಲ್ಲಿಯೂ 2023ರಿಂದ ಎಳ್ಳು ಸೇರಿದೆ. ಆ ನಿಯಮ ಮಾರಾಟಗಾರರಿಗೆ, ಅಲರ್ಜಿ ಎಲ್ಲರಿಗೂ. ಶೇಂಗಾ ಚಿಕ್ಕಿ, ಎಳ್ಳುಂಡೆ ಶಾಲೆಗೆ ಕಳಿಸುವ ಮುನ್ನ ಶಾಲೆಯನ್ನು ಕೇಳಿ. ಬೀಜಗಳಿಗೆ ಪ್ರವೇಶವೇ ಇಲ್ಲದ ಶಾಲೆಗಳು ಬಹಳ.

ರಿಬ್ಬನ್‌ಗೆ ಹಳೆಯ ಸೀರೆಯ ಅಂಚು. ಮೊಳಕಾಲ್ಮೂರು ರೇಷ್ಮೆಗೆ ಕತ್ತರಿ ಹಾಕುವ ಯೋಚನೆ ಇದ್ದರೆ ಮೊದಲು ಅತ್ತೆಯವರನ್ನು ಕೇಳಿ, ಉತ್ತರ ನನಗೆ ಗೊತ್ತು.

ಬಣ್ಣದ ಕಾಗದವೇ ಬೇಕೆನ್ನುವವರಿಗೆ: ಮುಷ್ಟಿಯಲ್ಲಿ ಮುದ್ದೆ ಮಾಡಿ ಬಿಡಿ. ಮುದ್ದೆಯಾಗಿಯೇ ಉಳಿದರೆ ಸಾಮಾನ್ಯವಾಗಿ ಮರುಬಳಕೆಯ ಡಬ್ಬಿಗೆ ಹಾಕಬಹುದು, ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಪದರವಿದೆ. ಮಿನುಗು ಪುಡಿ ಅಂಟಿಸಿದ್ದಂತೂ ಬೇಡವೇ ಬೇಡ. ಅಂದಹಾಗೆ ಈ ಚಿತ್ತಾರದ ಉಡುಗೊರೆ ಕಾಗದ ಬಂದದ್ದೂ ಕೈಗೆ ಸಿಕ್ಕಿದ್ದರಲ್ಲಿ ಸುಧಾರಿಸುವ ಉಪಾಯದಿಂದಲೇ. 1917ರ ಕ್ರಿಸ್‌ಮಸ್ ಸಮಯದಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ಹಾಲ್ ಸಹೋದರರ ಅಂಗಡಿಯಲ್ಲಿ ಟಿಶ್ಯೂ ಕಾಗದ ಮುಗಿದುಹೋಯಿತು. ಲಕೋಟೆಯ ಒಳಪದರಕ್ಕೆಂದು ಫ್ರಾನ್ಸಿನಿಂದ ತರಿಸಿದ್ದ ಚಿತ್ತಾರದ ಹಾಳೆಗಳನ್ನು ಅದರ ಬದಲು ಮಾರಾಟಕ್ಕಿಟ್ಟರು, ಜನ ಮುಗಿಬಿದ್ದು ಕೊಂಡರು. ಅದೇ ಅಂಗಡಿ ಮುಂದೆ ಹಾಲ್‌ಮಾರ್ಕ್ ಆಯಿತು.

ಅಂಚೆಯಲ್ಲಿ ಕಳಿಸುವವರು ದಪ್ಪದ ಲೆಕ್ಕ ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ 2.5 ಸೆಂಟಿಮೀಟರ್ ದಪ್ಪ, 750 ಗ್ರಾಂ ಒಳಗಿದ್ದರೆ ಅದು ದೊಡ್ಡ ಪತ್ರ. ಮೀರಿದರೆ ಪಾರ್ಸೆಲ್, ದರ ಹೆಚ್ಚು. ಚಪ್ಪಟೆ ಚಿಕ್ಕಿ ಪತ್ರದ ದರದಲ್ಲಿ ಹೋಗುತ್ತದೆ, ಚಕ್ಕುಲಿ ಹೋದರೂ ಪುಡಿಯಾಗಿ ಮುಟ್ಟುತ್ತದೆ. ಬುತ್ತಿಗಂಟಿನ ಉಬ್ಬು ಕೈಯಾರೆ ಕೊಡುವುದಕ್ಕೇ ಸರಿ.

ಊರಿಂದ ತಿಂಡಿಯನ್ನೇ ತರಬಹುದಲ್ಲ ಎಂದವರಿಗೆ: ಭಾರತದಿಂದ ಬ್ರಿಟನ್ನಿಗೆ ಹಾಲಿನ ಪದಾರ್ಥ ತರುವಂತಿಲ್ಲ, ಪೇಡೆಯೂ ಇಲ್ಲ, ದಾವಣಗೆರೆಯ ಬೆಣ್ಣೆಯೂ ಇಲ್ಲ. ಮೆಲ್ಬರ್ನ್‌ನವರು ಉಡುಗೊರೆ ಕಟ್ಟಲೆಂದು ಮುತ್ತುಗದ ಎಲೆ, ಬಾಳೆನಾರು, ಒಣ ಹೂವು ಏನೇ ತಂದರೂ ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು. ಬಟ್ಟೆ ತಂದರೆ ಈ ತಾಪತ್ರಯವಿಲ್ಲ, ತಿಂಡಿಯನ್ನು ಅಲ್ಲಿಯೇ ಮಾಡಿಕೊಂಡರಾಯಿತು.

ದರ್ಜಿ ನಾಳೆ ಸಂಜೆ ಒಂದು ಚೀಲ ಚೂರು ಬಟ್ಟೆ ಎತ್ತಿಡುತ್ತೇನೆ ಎಂದಿದ್ದಾನೆ, ಕಣಗಳೂ ನಮಗೆ ಬೇಕಾದ್ದಕ್ಕಿಂತ ಹೆಚ್ಚಿವೆ. ಮ್ಯಾಂಚೆಸ್ಟರ್ ಆಸುಪಾಸಿನವರಿಗೆ ಬೇಕಿದ್ದರೆ ಶುಕ್ರವಾರದೊಳಗೆ ತಿಳಿಸಿ. ಪೆಟ್ಟಿಗೆಯಲ್ಲಿ ಇನ್ನೂ ಮೂರು ಕೆಜಿಗೆ ಜಾಗವಿದೆ, ಅಮ್ಮ ಅದನ್ನು ರೊಟ್ಟಿಯಿಂದ ತುಂಬಿಸುವ ಮೊದಲು ಹೇಳಿ.