ನಗಿಸೋದು ಬೇಡ, ಉತ್ತರ ಕೊಡಿ

ಓದುಗರೊಬ್ಬರ ಸಮಸ್ಯೆ: ಎಂಟು ತಿಂಗಳಿಂದ ಇಂಪ್ರೊವ್ ಕಾಮಿಡಿ ಕ್ಲಾಸಿಗೆ ಹೋಗುತ್ತಿದ್ದೇನೆ. ಸ್ಕ್ರಿಪ್ಟ್ ಇಲ್ಲದೆ ಆ ಕ್ಷಣಕ್ಕೆ ಹೊಳೆದದ್ದನ್ನೇ ಆಡುವ ನಾಟಕ ಅದು. ಅಲ್ಲಿ ಎಲ್ಲರನ್ನೂ ನಗಿಸುವವಳು ನಾನೇ. ಹೋದ ವಾರ ಒಂದು ಸೀನ್‌ನಲ್ಲಿ ಜೊತೆಗಾರ, ‘ನೀನು ಯಾವತ್ತೂ ನನ್ನ ಮಾತು ಕೇಳಿಸಿಕೊಳ್ಳಲ್ಲ’ ಅಂದ. ಎಂದಿನಂತೆ ಜೋಕ್ ಹೊಡೆದೆ. ಕಲಿಸುವವರು ತಡೆದು, ‘ನಗಿಸೋದು ಬೇಡ, ಅವನಿಗೆ ಉತ್ತರ ಕೊಡಿ’ ಅಂದರು. ಮಾತೇ ಹೊರಡಲಿಲ್ಲ, ಅಳು ಬಂತು. ನನ್ನ ಗಂಡ ಕೂಡ ಇದೇ ಮಾತು ಹೇಳುತ್ತಾರೆ. ಅಲ್ಲೂ ಜೋಕ್ ಮಾಡಿ ಜಾರಿಕೊಳ್ಳುತ್ತೇನೆ. ತುಂಬಾ ನಾಚಿಕೆಯಾಗಿದೆ. ಕ್ಲಾಸ್ ಬಿಟ್ಟುಬಿಡಲೇ?

ಬಂದ ಉತ್ತರಗಳು:

ದಯವಿಟ್ಟು ಬಿಡಬೇಡಿ. ಇಂಪ್ರೊವ್‌ನಲ್ಲಿ ಎದುರಿನವರು ಆಡುವ ಮಾತು, ಮಾಡುವ ಸನ್ನೆ ಎಲ್ಲವನ್ನೂ ‘ಆಫರ್’ ಅಂತೀವಿ. ಅದನ್ನು ಒಪ್ಪಿಕೊಂಡು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುವುದೇ ‘ಹೌದು, ಮತ್ತೆ’. ತಳ್ಳಿಹಾಕಿದರೆ ‘ಬ್ಲಾಕ್’. ಬಾಯಿಬಿಟ್ಟು ‘ಇಲ್ಲ’ ಅಂದರೆ ಮಾತ್ರ ಬ್ಲಾಕ್ ಅಂತ ಹೊಸಬರು ತಿಳಿಯುತ್ತಾರೆ. ಜೋಕಿನಿಂದಲೂ ಬ್ಲಾಕ್ ಮಾಡಬಹುದು. ಕೆನಡಾದ ಕ್ಯಾಲ್ಗರಿಯಲ್ಲಿ 1977ರಲ್ಲಿ, ತಂಡಗಳು ಪೈಪೋಟಿಯಲ್ಲಿ ಇಂಪ್ರೊವ್ ಆಡುವ ಥಿಯೇಟರ್‌ಸ್ಪೋರ್ಟ್ಸ್ ಶುರುಮಾಡಿದ ಕೀತ್ ಜಾನ್‌ಸ್ಟೋನ್ ಇದಕ್ಕೆ ‘ಗ್ಯಾಗಿಂಗ್’ ಅನ್ನುತ್ತಿದ್ದರು. ಕಥೆಯನ್ನು ಕೆಡಿಸಿ ನಗು ಗಿಟ್ಟಿಸುವುದು ಅಂತ.

ನನಗೂ ಈ ಚಾಳಿ ಇತ್ತು. ಒಂದು ಸೀನ್‌ನಲ್ಲಿ ಜೊತೆಗಾರ ಅಣ್ಣ, ನಾನು ತಮ್ಮ. ಅವನು ಮನೆ ಬಿಟ್ಟು ಹೊರಟಿದ್ದಾನೆ. ತಲೆಯಲ್ಲಿ ಮೂರು ಜೋಕ್ ರೆಡಿ ಇದ್ದವು. ಅಷ್ಟರಲ್ಲಿ ಅವನ ಕೈ ಕಣ್ಣಿಗೆ ಬಿತ್ತು. ಇಲ್ಲದ ಅಂಗಿಯೊಂದನ್ನು ಮಡಚುತ್ತಿದ್ದ. ಮೊದಲು ಒಂದು ತೋಳು, ಆಮೇಲೆ ಇನ್ನೊಂದು. ಕಾಲರ್ ಮೇಲೆ ಬೆರಳಾಡಿಸಿ ಸುಕ್ಕು ತೆಗೆದ. ನನ್ನ ಬಾಯಿಂದ ‘ಹೋಗಬೇಡ’ ಅಂತ ಒಂದೇ ಮಾತು ಬಂತು. ಯಾರೂ ಉಸಿರೆತ್ತಲಿಲ್ಲ. ಅವನು ತಲೆಯೆತ್ತದೆ, ‘ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?’ ಅಂದ. ಆಗ ಇಡೀ ಹಾಲ್ ನಕ್ಕಿತು. ಅಂಥ ನಗು ನನ್ನ ಯಾವ ಜೋಕಿಗೂ ಬಂದಿರಲಿಲ್ಲ. ನಿಮಗೆ ಅಳು ಬಂದ ಸೀನ್ ಹಾಳಾಗಿರಲಿಲ್ಲ, ಆಗಷ್ಟೇ ಶುರುವಾಗಿತ್ತು.
— ಆರು ವರ್ಷದಿಂದ ಇಂಪ್ರೊವ್ ಆಡುತ್ತಿರುವವನು

ನಾನು ಇನ್ನೊಂದು ಬದಿಯಲ್ಲಿರುವವನು. ನನ್ನ ಹೆಂಡತಿಗೂ ಎಲ್ಲದಕ್ಕೂ ಜೋಕ್. ಆ ನಗುವಿಗೆ ಸೋತೇ ಮದುವೆಯಾದೆ. ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಒಂದು ರಾತ್ರಿ, ‘ಭಯ ಆಗ್ತಿದೆ’ ಅಂದೆ. ಅವಳು ಏನೋ ತಮಾಷೆ ಮಾಡಿದಳು. ನಾನೂ ನಕ್ಕೆ. ಆಮೇಲೆ ಇವತ್ತಿನವರೆಗೂ ಅವಳ ಹತ್ತಿರ ಆ ಮಾತು ಎತ್ತಿಲ್ಲ. ನಿಮ್ಮ ಗಂಡ ಇನ್ನೂ ಹೇಳುತ್ತಿದ್ದಾರೆ ಅಲ್ವಾ? ಹೇಳುವುದನ್ನು ನಿಲ್ಲಿಸಿಲ್ಲ ಅಲ್ವಾ?
— ಹೆಸರು ಬೇಡ

ಕಲಿಸುವವರು ಎಲ್ಲರೆದುರು ಹಾಗೆ ತಡೆದದ್ದು ನನಗೆ ಅಷ್ಟು ಸರಿ ಕಾಣಲಿಲ್ಲ. ಅದು ನಾಟಕದ ಕ್ಲಾಸ್, ಕೌನ್ಸೆಲಿಂಗ್ ಅಲ್ಲ. ಯಾವ ವಿಷಯ ಮುಟ್ಟಬಾರದು ಅಂತ ಮೊದಲೇ ಹೇಳಿಡಿ. ಬೇಡ ಅನಿಸಿದಾಗ ಕೈಯೆತ್ತಿ ಸೀನ್ ನಿಲ್ಲಿಸಿ, ಯಾರಿಗೂ ಕಾರಣ ಕೊಡಬೇಕಿಲ್ಲ. ಮನೆಗೆ ಬಂದ ಮೇಲೂ ಅಳು ನಿಲ್ಲದಿದ್ದರೆ, ನಿದ್ದೆ ಕೆಡುತ್ತಿದ್ದರೆ ಆಪ್ತಸಮಾಲೋಚಕರ ಹತ್ತಿರ ಹೋಗಿ. ಇನ್ನೊಂದು ಮಾತು. ‘ಹೌದು, ಮತ್ತೆ’ ಅನ್ನುವುದು ಸೀನ್‌ಗೆ ಮಾಡಿಕೊಂಡ ನಿಯಮ. ಮನೆಯಲ್ಲಿ ‘ನಿಮಗೆ ಹಾಗನಿಸಿದೆ, ಗೊತ್ತಾಯ್ತು’ ಅಂದ ಮೇಲೆ, ‘ಆದರೆ ನನಗೆ ಹಾಗನಿಸಲ್ಲ’ ಅನ್ನುವ ಹಕ್ಕು ನಿಮಗೆ ಪೂರ್ತಿ ಇದೆ.
— ಒಬ್ಬ ಆಪ್ತಸಮಾಲೋಚಕಿ

ನಾನು ಮಕ್ಕಳಿಗೆ ನಾಟಕ ಕಲಿಸುತ್ತೇನೆ. ನೀವು ಕ್ಲಾಸಲ್ಲಿ ಆಡುವ ಎಷ್ಟೋ ಆಟಗಳ ಬೇರು ವಯೋಲಾ ಸ್ಪೋಲಿನ್ ಅವರ ಕೆಲಸದಲ್ಲಿದೆ. ಅಮೆರಿಕದ ಶಿಕಾಗೋದಲ್ಲಿ ವಲಸೆ ಬಂದವರ ಮಕ್ಕಳ ಜೊತೆ ಕೆಲಸ ಮಾಡುತ್ತಾ ಅವರು ಕಟ್ಟಿದ ಆಟಗಳು ಅವು. ಮುಂದೆ ಅವರ ಮಗ ಪಾಲ್ ಸಿಲ್ಸ್ ಗೆಳೆಯರ ಜೊತೆ ಸೇರಿ 1959ರಲ್ಲಿ ಸೆಕೆಂಡ್ ಸಿಟಿ ಅನ್ನುವ ಕಾಮಿಡಿ ತಂಡ ಶುರುಮಾಡಿದರು, ಈ ಆಟಗಳು ಕಾಮಿಡಿಗೆ ಬಂದವು. ಶುರುವಿನಲ್ಲಿ ನಗಿಸುವುದು ಗುರಿಯೇ ಆಗಿರಲಿಲ್ಲ. ನನ್ನ ಮೇಲಿರುವ ಗಮನವನ್ನು ಎತ್ತಿ ಎದುರಿನವರ ಮೇಲಿಡುವುದು, ಅಷ್ಟೇ.

ನಾನು ಜಾಸ್ತಿ ಆಡಿಸುವ ಆಟ ‘ಕೊನೆಯ ಪದ’. ಎದುರಿನವರ ಮಾತಿನ ಕೊನೆಯ ಪದದಿಂದಲೇ ನಿಮ್ಮ ಮಾತು ಶುರುವಾಗಬೇಕು. ಸುಲಭ ಅನಿಸುತ್ತೆ, ಆಡಿ ನೋಡಿ. ಅವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನಮ್ಮ ಉತ್ತರ ತಯಾರಾಗಿಬಿಟ್ಟಿರುತ್ತೆ. ಆ ಕೊನೆಯ ಪದ ಬಂದ ತಕ್ಷಣ ಆ ತಯಾರಾದ ಉತ್ತರವನ್ನು ಕೈಬಿಡಬೇಕಾಗುತ್ತೆ. ಒಬ್ಬ ಹುಡುಗ, ಮಹಾ ತುಂಟ, ಆಟದ ನಡುವೆ ಸುಮ್ಮನೆ ನಿಂತುಬಿಟ್ಟ. ಏನಾಯ್ತೋ ಅಂದರೆ, ‘ಮಿಸ್, ಅವನು ಏನು ಹೇಳ್ತಾನೋ ಗೊತ್ತಿಲ್ಲ, ಅದಕ್ಕೇ ಕಾಯ್ತಿದೀನಿ’ ಅಂದ. ಮನೆಯಲ್ಲಿ ಗಂಡ ಮಾತಾಡುವಾಗ ನೀವೂ ಕೊನೆಯ ಪದದವರೆಗೆ ಕಾಯಿರಿ. ಉತ್ತರ ಹೊಳೆಯದಿದ್ದರೆ ಪರವಾಗಿಲ್ಲ. ‘ಏನು ಹೇಳಬೇಕೋ ಗೊತ್ತಾಗ್ತಿಲ್ಲ, ಆದರೆ ಕೇಳಿಸ್ಕೊಂಡೆ’ ಅನ್ನಿ. ಅದೂ ಉತ್ತರವೇ.
— ಒಬ್ಬ ಟೀಚರ್

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಒಂದೂ ಜೋಕ್ ಇಲ್ಲ. ಹಾಗೇ ಮಡಚಿ ನಿಮ್ಮ ಗಂಡನ ಕೈಗೆ ಕೊಡಿ. ಓದಿ ಮುಗಿಸುವವರೆಗೂ ಪಕ್ಕದಲ್ಲೇ ಕೂತಿರಿ.
— ಒಬ್ಬ ಹಿರಿಯ ಓದುಗಿ