ಪವರ್ ಇಳಿಸಿದಾಗ ಜೆಟ್ ಎಂಜಿನ್ ಒಳಗಿನ ಗಾಳಿ ಏನಾಗುತ್ತೆ?

ಪ್ರಶ್ನೆ: ಥ್ರಸ್ಟ್ ಲಿವರ್ ಹಿಂದಕ್ಕೆಳೆದರೆ ಇಂಧನ ಇಳಿಯುತ್ತೆ, ಸರಿ. ಗಾಳಿಯ ಹರಿವೂ ಅಷ್ಟೇ ಇಳಿಯುತ್ತಾ? ಬೈಪಾಸ್ ಅನುಪಾತ (ಕೋರ್ ಅಂದರೆ ಇಂಧನ ಉರಿಯೋ ಒಳಭಾಗ; ಅದರ ಹೊರಗಿಂದ ಹೋಗೋ ಗಾಳಿ, ಅದರೊಳಗೆ ಹೋಗೋ ಗಾಳಿಯ ಎಷ್ಟು ಪಟ್ಟು ಅನ್ನೋದು) ಹಾಗೇ ಇರುತ್ತಾ?

ಉತ್ತರ 1: ಇರಲ್ಲ. ನಾನು ಲೈನ್ ಮೇಂಟೆನೆನ್ಸ್‌ನಲ್ಲಿದ್ದೀನಿ, ಸಿಎಫ್‌ಎಂ56-7ಬಿ ಎಂಜಿನ್ ದಿನಾ ನೋಡ್ತೀನಿ. ಐಡಲ್‌ನಲ್ಲಿ (ಅತಿ ಕಡಿಮೆ ಪವರ್‌ನಲ್ಲಿ) ಮುಂದಿನ ದೊಡ್ಡ ಫ್ಯಾನ್ ಸುಮಾರು 20% ವೇಗಕ್ಕೆ ಇಳಿದಿರುತ್ತೆ, ಕೋರ್ ಮಾತ್ರ ಸುಮಾರು 60%ನಲ್ಲಿ ತಿರುಗ್ತಾ ಇರುತ್ತೆ. ಆದರೂ ಕೋರ್ ನುಂಗೋ ಗಾಳಿ ಫ್ಯಾನಿನ ಗಾಳಿಗಿಂತ ಬೇಗ ಕುಸಿಯುತ್ತೆ, ಹಾಗಾಗಿ ಬೈಪಾಸ್ ಅನುಪಾತ ಏರುತ್ತೆ.

ನಿಜವಾದ ತಲೆನೋವು ಕಂಪ್ರೆಸರ್‌ದು, ಅಂದರೆ ಗಾಳಿಯನ್ನು ಹಂತಹಂತವಾಗಿ ಒತ್ತೋ ಭಾಗದ್ದು. ಕಡಿಮೆ ವೇಗದಲ್ಲಿ ಮುಂದಿನ ಹಂತಗಳು ತಳ್ಳಿದಷ್ಟು ಗಾಳಿಯನ್ನು ಹಿಂದಿನ ಹಂತಗಳು ಸಾಗಿಸಲಾರವು. ಮುಂದಿನ ಬ್ಲೇಡುಗಳು ಸ್ಟಾಲ್ ಆಗೋ (ಬ್ಲೇಡಿನ ಮೇಲಿನ ಗಾಳಿಯ ಹರಿವು ಕಿತ್ತುಹೋಗೋ) ಅಪಾಯ. ಅದಕ್ಕೇ ವೇರಿಯಬಲ್ ಸ್ಟೇಟರ್‌ಗಳು (ಕೋನ ಬದಲಿಸಬಲ್ಲ, ತಿರುಗದ ಬ್ಲೇಡುಗಳು) ಮುಚ್ಚಿಕೊಳ್ತವೆ, ಬ್ಲೀಡ್ ವಾಲ್ವ್‌ಗಳು ತೆರೆದು ಬೂಸ್ಟರ್‌ನ (ಫ್ಯಾನಿನ ಹಿಂದಿರೋ ಮೊದಲ ಕಂಪ್ರೆಸರ್‌ನ) ಹೆಚ್ಚುವರಿ ಗಾಳಿಯನ್ನು ಬೈಪಾಸ್ ದಾರಿಗೆ ಬಿಡ್ತವೆ. ಪವರ್ ಏರಿಸಿದಾಗ ಎಲ್ಲಾ ಉಲ್ಟಾ. ಈ ಹೊಂದಾಣಿಕೆ ನನಗೆ ಇವತ್ತಿಗೂ ಅಚ್ಚರಿ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಎಂಜಿನ್ ಬಾಯಿಯ ಹತ್ತಿರ?

ಉತ್ತರ 1: ನಿಂತಲ್ಲೇ ಟೇಕಾಫ್ ಪವರ್ ಕೊಟ್ಟರೆ ಗಾಳಿ ಪಕ್ಕದಿಂದ, ಬಾಯಿಯ ಅಂಚಿನ ಹಿಂದಿನಿಂದಲೂ ನುಗ್ಗುತ್ತೆ. ಒದ್ದೆ ನೆಲದ ಮೇಲೆ ಪವರ್ ಏರಿಸಿದಾಗ ನೀರಿನ ಸುಳಿ ಎದ್ದು ಒಳಗೆ ಸೇರೋದು ಕಾಣುತ್ತೆ. ವೇಗವಾಗಿ ಹಾರುತ್ತಾ ಐಡಲ್‌ಗೆ ತಂದರೆ ಎದುರಿನ ಗಾಳಿ ಎಂಜಿನ್‌ಗೆ ಬೇಕಾದ್ದಕ್ಕಿಂತ ಜಾಸ್ತಿ. ಮಿಕ್ಕಿದ್ದು ಅಂಚಿನ ಹೊರಗಡೆ ಹರಿದು ಡ್ರ್ಯಾಗ್ (ಗಾಳಿಯ ಪ್ರತಿರೋಧ) ಹೆಚ್ಚಿಸುತ್ತೆ.

ಉತ್ತರ 2: ಅಂಚು ದಪ್ಪಗೆ, ದುಂಡಗೆ ಇರೋದು ಈ ಎರಡೂ ಸ್ಥಿತಿಗೆ ಹೊಂದಲಿ ಅಂತಲೇ.