ಕ್ಯಾಲೆಂಡರ್ ಸರಿ ಮಾಡುವಾಗ ಒಂದು ಕಡೆ 10 ದಿನ, ಇನ್ನೊಂದು ಕಡೆ 11, 13... ಯಾಕೆ?

ಪ್ರಶ್ನೆ:
1582ರಲ್ಲಿ ಇಟಲಿ, ಸ್ಪೇನ್ ಕಡೆ ಅಕ್ಟೋಬರ್ 4 ಗುರುವಾರ ರಾತ್ರಿ ಮಲಗಿದೋರು ಎದ್ದಾಗ ಅಕ್ಟೋಬರ್ 15 ಶುಕ್ರವಾರ ಆಗಿತ್ತು, ಅಂದ್ರೆ 10 ದಿನ ಮಾಯ. ಬ್ರಿಟನ್‌ನಲ್ಲಿ 1752ರಲ್ಲಿ 11 ದಿನ ಬಿಟ್ರು, ರಷ್ಯಾದಲ್ಲಿ 1918ರಲ್ಲಿ 13. ತಪ್ಪು ಒಂದೇ ಆದ್ರೆ ಲೆಕ್ಕ ಯಾಕೆ ಬೇರೆ ಬೇರೆ? ಅಷ್ಟಕ್ಕೂ ಸಾವಿರಕ್ಕೂ ಹೆಚ್ಚು ವರ್ಷ ನಡ್ಕೊಂಡು ಬಂದಿದ್ದನ್ನ ಯಾಕೆ ಮುಟ್ಟಬೇಕಿತ್ತು?

ಉತ್ತರ 1:
ಮೊದಲು ಕೊನೇ ಪ್ರಶ್ನೆಗೆ ಹೇಳ್ತೀನಿ. ಜೂಲಿಯಸ್ ಸೀಸರ್ ಕ್ರಿ.ಪೂ. 45ರಲ್ಲಿ ತಂದ ಕ್ಯಾಲೆಂಡರ್‌ನಲ್ಲಿ ವರ್ಷ ಅಂದ್ರೆ 365 ದಿನ 6 ಗಂಟೆ, ಅದಕ್ಕೇ ನಾಲ್ಕು ವರ್ಷಕ್ಕೊಂದು ಅಧಿಕ ದಿನ. ಆದ್ರೆ ಋತುಗಳ ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಕಮ್ಮಿ, ಕೇಳೋಕೆ ಏನೂ ಅಲ್ಲ ಅನ್ಸುತ್ತೆ ಆದ್ರೆ ಸುಮಾರು 128 ವರ್ಷಕ್ಕೆ ಒಂದಿಡೀ ದಿನ ಜಾರಿಬಿಡುತ್ತೆ. ಚರ್ಚಿನವರು ಈಸ್ಟರ್ ಲೆಕ್ಕ ಹಾಕೋದು ಮಾರ್ಚ್ 21ಕ್ಕೆ ಹಗಲು ರಾತ್ರಿ ಸಮ ಅಂತ ಹಿಡ್ಕೊಂಡು, ಆದ್ರೆ 16ನೇ ಶತಮಾನದ ಹೊತ್ತಿಗೆ ಆ ದಿನ ಮಾರ್ಚ್ 11ರ ಹತ್ರ ಬಂದಿತ್ತು. ಹಬ್ಬವೇ ತಪ್ಪು ದಿನಕ್ಕೆ ಬೀಳ್ತಿದೆ ಅಂದಾಗ ಸುಮ್ನೆ ಕೂರೋಕಾಗಲ್ಲ, ಪೋಪ್ 13ನೇ ಗ್ರೆಗರಿ ಆಜ್ಞೆ ಹೊರಡಿಸಿದ್ರು.

ಉತ್ತರ 2:
ದಿನಗಳ ಲೆಕ್ಕ ನಾನು ಹೇಳ್ತೀನಿ, ನನಗೆ ತುಂಬಾ ಇಷ್ಟದ ವಿಷಯ ಇದು. ಹೊಸ ನಿಯಮದಲ್ಲಿ 100ರಿಂದ ಭಾಗ ಆಗೋ ವರ್ಷ ಅಧಿಕ ವರ್ಷ ಅಲ್ಲ, 400ರಿಂದ ಭಾಗ ಆದ್ರೆ ಮಾತ್ರ ಹೌದು. 1600 ಎರಡೂ ಕ್ಯಾಲೆಂಡರ್‌ನಲ್ಲಿ ಅಧಿಕ ವರ್ಷ, ಹಾಗಾಗಿ ವ್ಯತ್ಯಾಸ 10ರಲ್ಲೇ ನಿಂತ್ಕೊಳ್ತು. 1700 ಹಳೇದರಲ್ಲಿ ಮಾತ್ರ ಅಧಿಕ, ಅಲ್ಲಿಗೆ 11 ಆಯ್ತು, ಬ್ರಿಟನ್ ಸಿಕ್ಕಿಹಾಕ್ಕೊಂಡಿದ್ದು ಅಲ್ಲೇ. ಆಮೇಲೆ 1800, 1900 ಸೇರಿ 13. ತಡ ಮಾಡಿದಷ್ಟೂ ಸಾಲ ಬೆಳೀತು ಅಷ್ಟೇ.

ಉತ್ತರ 3:
ಈ ಸೂತ್ರದ ಹಿಂದಿದ್ದ ವೈದ್ಯ ಅಲೋಯ್ಸಿಯಸ್ ಲಿಲಿಯಸ್ ಹೆಸರು ಯಾರೂ ಹೇಳಲ್ಲ ಅನ್ನೋದೇ ನನಗೆ ಬೇಜಾರು, ಜಾರಿಗೆ ಬರೋ ಮೊದ್ಲೇ ಅವರು ತೀರ್ಕೊಂಡಿದ್ರು. ಆಮೇಲೆ ಅದನ್ನ ವಿವರಿಸಿ, ಟೀಕೆಗಳಿಗೆ ಉತ್ತರ ಕೊಟ್ಟಿದ್ದು ಗಣಿತಜ್ಞ ಕ್ಲಾವಿಯಸ್. ಪೋಪ್ ಮಾಡಿದ್ದು ಅನ್ನೋ ಕಾರಣಕ್ಕೇ ಪ್ರಾಟೆಸ್ಟೆಂಟ್ ದೇಶಗಳು ಬಹಳ ಕಾಲ ಒಪ್ಪಲಿಲ್ಲ. ಸ್ವೀಡನ್ ಅಂತೂ ನಿಧಾನಕ್ಕೆ ಬದಲಾಯಿಸೋಣ ಅಂತ ಹೋಗಿ ಲೆಕ್ಕ ತಪ್ಪಿ, ವಾಪಸ್ ಹಳೇದಕ್ಕೆ ಬರೋಕೆ 1712ರಲ್ಲಿ ಫೆಬ್ರವರಿ 30 ಅಂತ ಒಂದು ದಿನವನ್ನೇ ಸೇರಿಸ್ಬೇಕಾಯ್ತು.

ಪ್ರಶ್ನೆ ಕೇಳಿದವರು:
ಈಗ ಸರಿಯಾಗಿ ಅರ್ಥ ಆಯ್ತು, ಎಲ್ಲರಿಗೂ ಥ್ಯಾಂಕ್ಸ್. ರಷ್ಯಾದ ಅಕ್ಟೋಬರ್ ಕ್ರಾಂತಿನ ನವೆಂಬರ್ 7ಕ್ಕೆ ಆಚರಿಸ್ತಿದ್ದಿದ್ದೂ ಇದಕ್ಕೇ ಅಲ್ವಾ, ಹಳೇ ಅಕ್ಟೋಬರ್ 25ಕ್ಕೆ 13 ಸೇರಿಸಿ ನೋಡ್ದೆ, ಸರಿಯಾಗಿ ಬಂತು.